ಎರಡನೆಯವಳ ದಿನಚರಿ

ಅಟ್ಟದಿಂದ ಇಳಿಸಿದ ಪೆಟ್ಟಿಗೆಯಲ್ಲಿ ಎರಡು ದಪ್ಪ ನೋಟ್‌ಬುಕ್ಕುಗಳಿದ್ದವು. ಎರಡರ ಮೇಲೂ ಅಕ್ಕನ ಹೆಸರು. ಏಳು ವರ್ಷದ ಚಿಕ್ಕವಳು ಅವನ್ನು ಪಕ್ಕಕ್ಕಿಟ್ಟು, ಪೆಟ್ಟಿಗೆಯನ್ನು ಬೋರಲು ಹಾಕಿ ತಟ್ಟಿದಳು. ಒಂದು ಸತ್ತ ಜಿರಳೆ ಬಿತ್ತು, ಅಷ್ಟೆ.

"ಅಪ್ಪಾ, ನಂದೆಲ್ಲಿ?"

ಅಪ್ಪ ಎತ್ತರದ ಕಟ್ಟಡಗಳ ಲಿಫ್ಟ್ ನೋಡಿಕೊಳ್ಳುವ ಮೆಕ್ಯಾನಿಕ್ಕು. ಚೊಚ್ಚಲ ಮಗಳು ಹುಟ್ಟಿದಾಗ ಎರಡು ವರ್ಷ ಒಂದು ದಿನವೂ ತಪ್ಪದೆ ಬರೆದಿದ್ದ. ಅವಳು ಎಷ್ಟು ಹೊತ್ತಿಗೆ ಎದ್ದಳು, ಎಷ್ಟು ಸಲ ಸೀನಿದಳು, ಯಾರ ಚಪ್ಪಲಿ ಕಚ್ಚಿದಳು, ಎಲ್ಲವೂ ಗಂಟೆ ನಿಮಿಷದ ಸಮೇತ. ಎರಡನೆಯವಳು ಹುಟ್ಟಿದಾಗಲೂ ಹೊಸ ಪುಸ್ತಕ ತಂದದ್ದು ನಿಜ. ಅದರ ಮೊದಲ ಪುಟದಲ್ಲಿ 'ಹೆಣ್ಣು ಮಗು, ಮೂರು ಕೆಜಿ' ಎಂದಿತ್ತು. ಎರಡನೆಯ ಪುಟದಲ್ಲಿ 'ಸೋಪು, ಬಲ್ಬು, ಇಲಿ ಪಾಷಾಣ' ಎಂದಿತ್ತು. ಆಮೇಲಿನದೆಲ್ಲ ಖಾಲಿ.

"ನಾನು ಪಾಪು ಆಗಿದ್ದಾಗ ನನ್ನನ್ನ ಯಾರೂ ನೋಡ್ತಾನೇ ಇರ್ಲಿಲ್ವಾ?" ಚಿಕ್ಕವಳ ಕೆಳತುಟಿ ಮುಂದೆ ಬಂದಿತ್ತು.

"ನಿಂದೂ ಇದೆ ಪುಟ್ಟಾ. ಆಫೀಸಲ್ಲಿ ಭದ್ರವಾಗಿ ಇಟ್ಟಿದೀನಿ," ಎಂದುಬಿಟ್ಟ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಸದ್ದು ನಿಂತಿತು. ಚಿಕ್ಕವಳು ಆಡಲು ಹೋದ ಮೇಲೆ ಹೆಂಡತಿ ಚಾಕು ಹಿಡಿದೇ ಹೊರಗೆ ಬಂದಳು.

"ಇದ್ದದ್ದು ಇದ್ದ ಹಾಗೆ ಹೇಳಬಾರದಾಗಿತ್ತಾ?"

"ಏನಂತ ಹೇಳ್ಲಿ? ನೀನು ಹುಟ್ಟೋ ಹೊತ್ತಿಗೆ ನಮ್ಮ ಉತ್ಸಾಹ ಮುಗಿದುಹೋಗಿತ್ತು ಅಂತಲಾ? ಭಾನುವಾರ ಇಬ್ಬರನ್ನೂ ಕರ್ಕೊಂಡು ನಿನ್ನ ತಂಗಿ ಮನೆಗೆ ಹೋಗು. ರಿಜಿಸ್ಟರ್ ತುಂಬೋದು ನಂಗೇನು ಹೊಸದಲ್ಲ."

ಆ ಮಾತು ಮಾತ್ರ ಅಪ್ಪಟ ಸತ್ಯ. ಲಿಫ್ಟನ್ನು ದಿನಾ ಪರೀಕ್ಷಿಸಿ ಬರೆದಿಡಬೇಕೆಂಬುದು ನಿಯಮ. ಆದರೆ ಲಿಫ್ಟ್ ನೆಟ್ಟಗೆ ಓಡುತ್ತಿರುವಾಗ ರಿಜಿಸ್ಟರ್ ಯಾರಿಗೆ ನೆನಪಾಗುತ್ತದೆ? ತಪಾಸಣೆಯವರು ಬರುತ್ತಾರೆಂಬ ಸುದ್ದಿ ಸಿಕ್ಕ ದಿನ ಮೂರು ತಿಂಗಳ ಪುಟಗಳನ್ನು ಒಂದೇ ಮಧ್ಯಾಹ್ನದಲ್ಲಿ ತುಂಬುತ್ತಿದ್ದ. ಅದೂ ಒಂದು ಕಲೆಯೇ. ನಾಲ್ಕು ಬಗೆಯ ಪೆನ್ನು ಬೇಕು. ವಾರಕ್ಕೊಮ್ಮೆ ಅಕ್ಷರ ವಾಲಬೇಕು. ನಡುವೆ ಒಂದೊಂದು ದಿನ ಬಿಟ್ಟುಹೋಗಬೇಕು, ತೀರಾ ಅಚ್ಚುಕಟ್ಟಾದರೆ ಅನುಮಾನ ಬರುತ್ತದೆ. ಕೊನೆಗೆ ಟೀ ಲೋಟದ ತಳವನ್ನು ಎರಡು ಪುಟದ ಮೇಲೆ ಒತ್ತಿಬಿಟ್ಟರೆ ಬ್ರಹ್ಮ ಬಂದರೂ ಪತ್ತೆ ಹಚ್ಚಲಾರ.

ಭಾನುವಾರ ಬೆಳಗ್ಗೆಯೇ ಕೂತ. ಬೀರುವಿನ ತಳದಿಂದ ಆ ಖಾಲಿ ಪುಸ್ತಕ ಹುಡುಕಿ ತೆಗೆದು, ಸಾಮಾನಿನ ಪಟ್ಟಿಯ ಹಾಳೆ ಹರಿದ. ವಿಷಯಕ್ಕೆ ದೊಡ್ಡವಳ ಪುಸ್ತಕಗಳಿದ್ದವಲ್ಲ. ಅವುಗಳಲ್ಲಿ ಉದ್ದಕ್ಕೂ 'ಮಗು' ಎಂದೇ ಬರೆದಿದ್ದದ್ದು ಅನುಕೂಲವಾಯಿತು. ವಾರಕ್ಕೆರಡು ದಿನ ಆರಿಸಿಕೊಂಡು ತಾರೀಖು ಬದಲಿಸಿದ, ತೂಕಕ್ಕೆ ನೂರು ಗ್ರಾಂ ಸೇರಿಸಿದ, ಎಡಗಾಲಿನ ಚಪ್ಪಲಿಯನ್ನು ಬಲಗಾಲಿನದು ಮಾಡಿದ. ಒಂದಾದರೂ ಚಿಕ್ಕವಳದೇ ಸ್ವಂತದ್ದು ಇರಲೆಂದು ತಲೆ ಕೆರೆದುಕೊಂಡ. ನೆನಪಿಗೆ ಬಂದದ್ದು ಇಷ್ಟೇ: ಅವಳು ಅಕ್ಕನ ಫ್ರಾಕಿನ ಅಂಚು ಹಿಡಿದು ಹಿಂದೆ ಹಿಂದೆ ತೂರಾಡುತ್ತ ನಡೆಯುತ್ತಿದ್ದುದು, ಅಕ್ಕ ಗಕ್ಕನೆ ತಿರುಗಿದಾಗಲೆಲ್ಲ ಕುಕ್ಕರಿಸುತ್ತಿದ್ದುದು. ಯಾವ ತಿಂಗಳೋ, ಯಾವ ದಿನವೋ. ತಾರೀಖಿಲ್ಲದ್ದನ್ನು ರಿಜಿಸ್ಟರಿಗೆ ಏರಿಸುವಂತಿಲ್ಲ. ಬಿಟ್ಟುಬಿಟ್ಟ. ಬಿಡುವಾಗ ತನ್ನ ಮೇಲೆಯೇ ನಾಚಿಕೆಯಾಯಿತು.

ಸೋಮವಾರ ಕೆಲಸದಿಂದ ಬಂದವನು ಚೀಲದಿಂದ ಪುಸ್ತಕ ತೆಗೆದು ಕೊಟ್ಟ. ಚಿಕ್ಕವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಂಚದ ಮೂಲೆ ಸೇರಿದಳು. ಊಟಕ್ಕೆ ಕರೆದರೂ ಕಿವಿಗೆ ಬೀಳಲಿಲ್ಲ. ಅವಳ ಬೆರಳು ಸಾಲಿನಿಂದ ಸಾಲಿಗೆ ನಿಧಾನವಾಗಿ ಸರಿಯುತ್ತಿತ್ತು. ತಪಾಸಣೆಯವರ ಮುಂದೆ ಹದಿನೈದು ವರ್ಷದಿಂದ ಬೆವರದ ಮನುಷ್ಯ ಬಾಗಿಲ ಸಂದಿಯಲ್ಲಿ ನಿಂತು ಬೆವರತೊಡಗಿದ.

"ಒಂದೂವರೆ ವರ್ಷಕ್ಕೆ ಕೈಗೆ ಹೊಲಿಗೆ ಬಿತ್ತು ಅಂತ ಬರೆದಿದೀರಂತೆ," ಹೆಂಡತಿ ಪಿಸುಗುಟ್ಟಿದಳು. "ಅದು ದೊಡ್ಡವಳಿಗೆ. ಇವಳ ಕೈಯಲ್ಲಿ ಕಲೆ ಎಲ್ಲಿದೆ?"

"ಮುಲಾಮು ಚೆನ್ನಾಗಿತ್ತು ಅಂದ್ರಾಯ್ತು."

ಮರುದಿನ ಸಂಜೆ ಅವನು ಕೆಲಸದಿಂದ ಬಂದು ಕೂತ ಕೂಡಲೇ ಚಿಕ್ಕವಳು, ಪುಸ್ತಕ ಕಂಕುಳಲ್ಲಿರಿಸಿಕೊಂಡು ಅವನೆದುರು ನಿಂತಳು. ಮುಖದಲ್ಲಿ ನಗುವಿಲ್ಲ.

"ಎರಡು ಸಲ ಓದ್ದೆ ಅಪ್ಪ. ಇದ್ರಲ್ಲಿ ಅಕ್ಕ ಒಂದು ಕಡೆನೂ ಇಲ್ಲ."

ಅವನು ತೂಕ ತಿದ್ದಿದ್ದ, ಚಪ್ಪಲಿ ತಿದ್ದಿದ್ದ. ದೊಡ್ಡವಳು ಹುಟ್ಟಿದಾಗ ಮನೆಯಲ್ಲಿ ಬೇರೆ ಮಗುವೇ ಇರಲಿಲ್ಲ, ಎರಡನೆಯವಳಿಗೆ ಅಕ್ಕ ಇದ್ದಳು ಎಂಬುದು ಮಾತ್ರ ಹೊಳೆದೇ ಇರಲಿಲ್ಲ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ತಪ್ಪಾಯಿತು ಎಂದುಬಿಡೋಣ ಎಂದು ಬಾಯಿ ತೆರೆದ.

ಅಷ್ಟರಲ್ಲಿ ಅವಳು ಹೋಗಿ ಬಾಗಿಲು ಮುಂದೆ ಮಾಡಿ ಬಂದಳು. ಅವನ ತೊಡೆ ಹತ್ತಿ ಕೂತು, ಕೊರಳಿಗೆ ಕೈ ಹಾಕಿದಳು. ಕಣ್ಣು ಮಿನುಗುತ್ತಿದ್ದವು.

"ಎರಡು ವರ್ಷ ಪೂರ್ತಿ ನಾನೊಬ್ಳೇ," ಎಂದು ಕಿವಿಯಲ್ಲಿ ಹೇಳಿದಳು. "ಆಗ ಅವಳನ್ನ ಎಲ್ಲಿ ಬಿಟ್ಟಿದ್ರಿ ಅಪ್ಪ? ಈ ಸಲ ರಜಕ್ಕೂ ಅಲ್ಲಿಗೇ ಕಳಿಸೋಣ."