ಅಮ್ಮನ ಸೆರಗಿನಲ್ಲಿ ಟ್ರ್ಯಾಕ್ಟರಿನ ಕೀ

ಡೀಸೆಲ್ ಮತ್ತು ಹಸಿ ಹುಲ್ಲಿನ ವಾಸನೆ ಒಟ್ಟಿಗೆ ಮೂಗಿಗೆ ಬಡಿದರೆ ಈಗಲೂ ನನ್ನ ಎರಡೂ ಕೈ ತಾವಾಗಿ ಮೇಲೇಳಲು ನೋಡುತ್ತವೆ.

ಅರವತ್ತರ ದಶಕ. ತೊಂಡೇಬಾವಿ ಹತ್ತಿರದ ನಮ್ಮ ಹೊಲದಲ್ಲಿ ಅಮ್ಮ ಟ್ರ್ಯಾಕ್ಟರ್ ಓಡಿಸುತ್ತಿದ್ದಳು. ಹಿಂದಿನ ವರ್ಷದವರೆಗೆ ಅದನ್ನು ಓಡಿಸುತ್ತಿದ್ದ ಅಪ್ಪ, ಬಲಹೆಗಲ ಮೇಲೆ ಟವಲ್ ಇಳಿಬಿಟ್ಟುಕೊಂಡು ನನ್ನ ಪಕ್ಕ ಬದುವಿನ ಮೇಲೆ ಕೂತಿದ್ದರು. ಆ ಮಧ್ಯಾಹ್ನ, ಟ್ರ್ಯಾಕ್ಟರಿನ ಹಿಂದೆ ಹುಲ್ಲು ಕೊಯ್ಯುತ್ತಿದ್ದ ಅಲಗಿಗೆ ಬಳ್ಳಿ ಸುತ್ತಿಕೊಂಡು ಗಾಡಿಯೆಲ್ಲ ನಡುಗಿತು. ಚಿಕ್ಕಪ್ಪ ಕೈಹಾಕಲು ಬಗ್ಗಿದ.

"ಮುಟ್ಟಬೇಡ," ಎಂದಳು ಅಮ್ಮ.

"ಒಂದು ಹಿಡಿ ಬಳ್ಳಿ ಅತ್ತಿಗೆ. ಎತ್ತು ಕಟ್ಟಿದ್ದಾಗ ನಿಲ್ಲಿಸ್ದೇನೇ ಕೀಳ್ತಿರ್ಲಿಲ್ವಾ?"

"ಎತ್ತಿಗೆ ನಿನ್ನ ಕೈ ಗೊತ್ತಿತ್ತು. ಇದಕ್ಕೆ ಗೊತ್ತಿಲ್ಲ ಕಣಪ್ಪ."

ಅವಳು ಅಲಗಿನ ಲಿವರ್ ಬಿಡಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಬ್ರೇಕ್ ಹಾಕಿ ಎಂಜಿನ್ ಆರಿಸಿದಳು. ಸದ್ದು ಸತ್ತ ಮೇಲೂ ಅಲಗು ಸುಮ್ಮನೆ ತಿರುಗುತ್ತಿತ್ತು. ಅದು ನಿಲ್ಲುವವರೆಗೆ ಅವಳು ಸೀಟು ಬಿಟ್ಟು ಏಳಲಿಲ್ಲ. ಆಮೇಲೆ ಕೀಯನ್ನು ಸೆರಗಿನ ತುದಿಗೆ ಗಂಟು ಹಾಕಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದಳು.

ಚಿಕ್ಕಪ್ಪ ಬಳ್ಳಿ ಕಿತ್ತು ಬಿಸಾಡಿದ. ಅಮ್ಮ ಮತ್ತೆ ಹತ್ತಿ ಕೂತಳು, ಆದರೆ ಗಂಟು ಬಿಚ್ಚಲಿಲ್ಲ.

"ಎಲ್ರೂ ಕೈ ತೋರ್ಸಿ. ಆಮೇಲೆ ಸ್ಟಾರ್ಟ್ ಮಾಡ್ತೀನಿ."

ನಾನು ಎರಡೂ ಕೈ ಎತ್ತಿದೆ. ಚಿಕ್ಕಪ್ಪ ಗೊಣಗುತ್ತಲೇ ಎತ್ತಿದ. ಅಪ್ಪನೂ ಎತ್ತಿದರು, ಉಳಿದಿದ್ದ ಒಂದನ್ನು.