ನಾಲಿಗೆಗೆ ಬಾರದ ಹೆಸರು

ಯಾರೋ ದೂರು ಕೊಟ್ಟಿದ್ದಾರೆ ಎಂಬ ಸುದ್ದಿ ಕಾನೂನು ತಿಳಿವಳಿಕೆ ಶಿಬಿರಕ್ಕಿಂತ ಮೊದಲೇ ಪೆಂಡಾಲಿಗೆ ಬಂದು ಕೂತಿತ್ತು. ವೇದಿಕೆಯ ಮೇಲಿಂದ ದಿಗಂಬರ ಒಂದೊಂದೇ ಮುಖ ನೋಡುತ್ತಿದ್ದ. ಅವನ ಕಣ್ಣು ಹೆಂಗಸರ ಕಡೆ ಹೊರಳಿದಾಗ ಸುಮಿತ್ರಾಬಾಯಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು.

ದೂರು ಕೊಟ್ಟವಳು ಆಕೆಯೇ.

ಗಡಿ ದಾಟಿ ಮಹಾರಾಷ್ಟ್ರದೊಳಗೆ, ಔರಾದ ಶಹಾಜನಿಯಿಂದ ಆಚೆಗಿನ ಈ ಊರಲ್ಲಿ ದಿಗಂಬರನನ್ನು ಎಲ್ಲರೂ ಸರಪಂಚ ಎಂದೇ ಕರೆಯುತ್ತಿದ್ದರು. ಬರೀ ಹೆಸರು ಹಿಡಿದು ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಬಡವರ ಮನೆಗೆಂದು ಸರ್ಕಾರ ಕಳಿಸುವ ಪ್ರತಿ ಕಂತಿನಲ್ಲೂ ಅವನಿಗೊಂದು ಪಾಲು. ಪಾಲು ಕೊಡಲೊಪ್ಪದ ಸರುಬಾಯಿಯ ಮನೆಗೆ ಗೋಡೆ ಎದ್ದಿದ್ದವು, ಮೇಲೆ ಸೂರು ಇರಲಿಲ್ಲ. ಮಳೆಗಾಲವಿಡೀ ಆಕೆ ತಾಡಪತ್ರಿಯ ಕೆಳಗೆ ಕೂತದ್ದನ್ನು ನೋಡಿ ಸುಮಿತ್ರಾಬಾಯಿಯ ಕರುಳು ಕಿತ್ತು ಬಂದಿತ್ತು.

ತನ್ನ ಹೆಸರೊಂದನ್ನು ಬಿಟ್ಟರೆ ಬೇರೇನೂ ಬರೆಯಲು ಬಾರದವಳು. ಬೀದರ ಕಡೆಯ ತವರಿಗೆ ಹೋದಾಗ ತಮ್ಮನ ಫೋನಿನಿಂದ ಲಂಚದ ದೂರು ಕೇಳುವ ಕಚೇರಿಗೆ ಮಾತಾಡಿದ್ದಳು. ಲಂಚ ತಿನ್ನುವವನ ಹೆಸರೇನು ಎಂದು ಅತ್ತಲಿಂದ ಕೇಳಿದರು. ಹೆಸರು ಗಂಟಲವರೆಗೆ ಬಂತು, ನಾಲಿಗೆಗೆ ಬರಲೇ ಇಲ್ಲ.

"ನಮ್ಮೂರ ಸರಪಂಚ ಅಂತ ಬರಕೋರಿ," ಎಂದಿದ್ದಳು. "ನನ್ನ ಹೆಸರ ಕೇಳಬ್ಯಾಡ್ರಿ."

ಈಗ ಪಕ್ಕದಲ್ಲಿ ಸರುಬಾಯಿ ಪಿಸುಗುಟ್ಟಿದಳು. "ಯಾವ ಪುಣ್ಯಾತ್ಮರು ಕೊಟ್ಟಾರೋ, ಯಕ್ಕಾ. ಗೊತ್ತಾದ್ರ ಅಂವಾ ಸುಮ್ನ ಬಿಡಾಂವಲ್ಲ. ಅಂವನ ಸಿಟ್ಟು ನಿನಗೇನ ಹೇಳೂದು."

"ಬ್ಯಾಡ, ಹೇಳಬ್ಯಾಡ," ಎಂದಳು ಸುಮಿತ್ರಾಬಾಯಿ.

ದಿಗಂಬರನದು ಗಂಜಿ ಹಾಕಿದ ಬಿಳಿ ಅಂಗಿ. ಕೊರಳ ಗುಂಡಿ ಸಡಿಲಾಗಿದೆ, ಇಂದೋ ನಾಳೆಯೋ ಉದುರುತ್ತದೆ ಎಂದು ಆಕೆಗೆ ಗೊತ್ತಿತ್ತು. ಹೆದರಿದವರ ಕಣ್ಣಿಗೆ ಇಂಥವೇ ಬೀಳುತ್ತವೆ.

ನಿಲಂಗಾದಿಂದ ಬಂದಿದ್ದ ವಕೀಲೆ ಯೋಗಿತಾ ಮರಾಠಿಯಲ್ಲಿ ಶುರು ಮಾಡಿ ಕನ್ನಡಕ್ಕೆ ಹೊರಳಿದಳು. ಲಂಚ ಕೇಳಿದರೆ ಎಲ್ಲಿ ಹೇಳಬೇಕು, ಹೆಸರು ಮುಚ್ಚಿಟ್ಟು ಹೇಗೆ ಹೇಳಬೇಕು ಎಂದು ವಿವರಿಸಿದಳು. ಅಷ್ಟರಲ್ಲಿ ಸರುಬಾಯಿ ಎದ್ದೇ ಬಿಟ್ಟಳು. ಸುಮಿತ್ರಾಬಾಯಿ ಸೀರೆ ಹಿಡಿದು ಎಳೆದರೂ ಕೂರಲಿಲ್ಲ.

"ಹೇಳಿದವ್ರ ಹೆಸರ ಖರೇನೇ ಹೊರಗ ಬರಂಗಿಲ್ಲೇನ್ರಿ, ಮೇಡಂ?"

"ಹೇಳಿದವ್ರ ಹೆಸರ ಬರಂಗಿಲ್ಲ, ಬಾಯಿ. ಯಾರ ಮ್ಯಾಲ ಹೇಳ್ಯಾರ, ಅವ್ರದು ಬರ್ತದ."

ದಿಗಂಬರನ ನೋಟ ಸರುಬಾಯಿಯ ಮೇಲೆ ನೆಟ್ಟಿತು. ಸುಮಿತ್ರಾಬಾಯಿ ಅದನ್ನು ಕಂಡಳು. ತಾನು ಮಾಡಿದ್ದಕ್ಕೆ ಈ ಬಡಪಾಯಿ ಪೆಟ್ಟು ತಿನ್ನುತ್ತಾಳೆ. ಎದ್ದು, ನಾನೇ ಎಂದುಬಿಡಲೇ? ಏಳಲಿಲ್ಲ; ಸರುಬಾಯಿಯ ಸೀರೆಯನ್ನೇ ಮತ್ತೆ ಜಗ್ಗಿದಳು.

ಆಗ ಪೆಂಡಾಲಿನ ಬಾಯಿಗೆ ಜೀಪು ಬಂದು ನಿಂತಿತು. ಇಬ್ಬರು ಅಧಿಕಾರಿಗಳು ಇಳಿದರು.

"ಲಂಚದ ದೂರಿನ ಚೌಕಶಿಗೆ ಬಂದೀವಿ," ಎಂದ ಹಿರಿಯ ಅಧಿಕಾರಿ. "ಸರಪಂಚ ಯಾರ್ರಿ? ನಮ್ಮ ಜೋಡಿ ಬರಬೇಕಾಗ್ತದ."

ಕತ್ತುಗಳೆಲ್ಲ ವೇದಿಕೆಯತ್ತ ತಿರುಗಿದವು. ದಿಗಂಬರ ಗಡಿಬಿಡಿ ಮಾಡಲಿಲ್ಲ. ಹೆಗಲ ಟಾವೆಲ್ ಕೊಡವಿ, ಮತ್ತೆ ಹಾಕಿಕೊಂಡು, ಮೆಟ್ಟಿಲಿಳಿದ. ಸುಮಿತ್ರಾಬಾಯಿ ಅಂದು ಮೊದಲ ಸಲ ಸೆರಗು ಹಿಂದಕ್ಕೆ ಸರಿಸಿದಳು. ಸರುಬಾಯಿ ಉಳಿದಳು, ನಾನೂ ಉಳಿದೆ ಎಂದುಕೊಂಡಳು. ಸಂತೋಷಕ್ಕೆ ಕಣ್ಣು ತುಂಬಿ ಬಂದವು.

"ಕಂತಿನ ಕಾಗದದ ಮ್ಯಾಲಿನ ಸಹಿ ನಿಮ್ದೇನ್ರಿ?" ಅಧಿಕಾರಿ ಕೇಳಿದ.

"ನಾ ಒಂದ್ ಕಾಗದಕ್ಕೂ ಸಹಿ ಮಾಡಿಲ್ರೀ, ಸಾಹೇಬ್ರ," ಎಂದು ನಕ್ಕ ದಿಗಂಬರ. ಅಧಿಕಾರಿಗಳನ್ನು ದಾಟಿ ನೇರ ಹೆಂಗಸರ ಸಾಲಿಗೆ ಬಂದು ನಿಂತ. ಸರುಬಾಯಿ ಹಿಂದೆ ಸರಿದಳು. ಅವನು ಆಕೆಯತ್ತ ನೋಡಲೂ ಇಲ್ಲ.

"ಏಳ್ರೀ, ಸರಪಂಚಬಾಯಿ," ಎಂದ ಸುಮಿತ್ರಾಬಾಯಿಯ ಗಂಡ. ಆಕೆ ಚುನಾವಣೆಯಲ್ಲಿ ಗೆದ್ದಂದಿನಿಂದ ಅವನು ಆಕೆಯನ್ನು ಹಾಗೆ ಕರೆದದ್ದು ಇದೇ ಮೊದಲು.