ವಿಜೆ ಲಡ್ಡುವಿನ ಅನುವಾದ

ವಿಜೆ ಲಡ್ಡುವಿನ ಕಂಪ್ಯೂಟರು ಎಷ್ಟು ಚುರುಕೆಂದರೆ, ನಾಯಕ ಬಂದೂಕು ಎತ್ತುವ ಮೊದಲೇ ಅದು ಖಳನನ್ನು ಕೊಂದು, ಹೂತು, ಬಂದವರಿಗೆ ಸಾವಿನ ಮನೆಯ ಊಟವನ್ನೂ ಬಡಿಸಿಬಿಡುತ್ತಿತ್ತು. ಶನಿವಾರ ಮಧ್ಯಾಹ್ನ ಬ್ವಾಯಿಸೆ ಕೇರಿಯ ತಗಡಿನ ಸಿನಿಮಾ ಶೆಡ್ಡಿನಲ್ಲಿ ಮೈಕು ಹಿಡಿದು ಹೀಗೆಂದು ಸಾರಿದವನು ಲಡ್ಡುವೇ. ತಿನ್ನುವ ಲಡ್ಡು ಅಲ್ಲ. ನಮ್ಮ ಕಡೆ ಲಡ್ಡು ಎಂದರೆ ಸಿಡಿಲು. ಪರದೇಶದ ಸಿನಿಮಾ ಓಡುತ್ತಿರುವಾಗಲೇ ಅದನ್ನು ನಮ್ಮ ಲುಗಾಂಡ ಮಾತಿಗೆ ತಿರುಗಿಸಿ ಹೇಳುವುದು ಅವನ ಕಸುಬು; ಅಂಥವರನ್ನು ಇಲ್ಲಿ ವಿಜೆ ಎನ್ನುತ್ತಾರೆ. ಪರದೆಯ ಮೇಲೆ ಚೀನಾದ ಮುದುಕನೊಬ್ಬ ಉದ್ದಕ್ಕೆ ಉಪದೇಶ ಮಾಡಿದರೆ, "ಬೇಡ ಅಂತಾನೆ" ಎಂದು ಎರಡೇ ಮಾತಿನಲ್ಲಿ ಮುಗಿಸುತ್ತಿದ್ದ. ಮುದುಕ ಸುಮ್ಮನಿದ್ದರೆ ಅವನಿಗೆ ಎರಡನೇ ಮದುವೆಯನ್ನೇ ಮಾಡಿಸುತ್ತಿದ್ದ.

ಆ ದಿನ ಶೆಡ್ಡಿನಲ್ಲಿ ಹತ್ತು ಲಕ್ಷ ಜನ ಸೇರಿದ್ದರು. ಚರಂಡಿಯ ಆಚೆ ಹೊಸ ಸಿನಿಮಾ ಹಾಲ್ ಎದ್ದ ಮೇಲೆ ಅತ್ತ ಹೋಗಿದ್ದವರೆಲ್ಲ, ಲಡ್ಡುವಿಗೆ ಇನ್ನೊಂದು ಅವಕಾಶ ಕೊಡೋಣವೆಂದು ಮರಳಿ ಬಂದಿದ್ದರು. ಶೆಡ್ಡಿನ ಒಡತಿ, ಅವನ ಸೋದರತ್ತೆ ನಾಬಕೂಜ, ಬಾಗಿಲಲ್ಲಿ ಹೊಸ ಇದ್ದಿಲೊಲೆಯ ಪಕ್ಕ ಕೂತಿದ್ದಳು.

"ಲೋ, ಇವತ್ತೂ ಸಿನಿಮಾ ಕೈಕೊಟ್ರೆ ನಾಳೆಯಿಂದ ಇಲ್ಲಿ ಹಂದಿ ಮಾಂಸ ಸುಡ್ತೀನಿ ನೋಡು. ಹಂದಿಗೆ ಅನುವಾದ ಬೇಕಾಗಲ್ಲ."

"ಅತ್ತೆ, ಇವತ್ತು ಸಿನಿಮಾ ಓಡಲ್ಲ, ಹಾರುತ್ತೆ!"

ಗುಂಡಿ ಒತ್ತಿದ. ಬಿಳಿ ಬಟ್ಟೆಯ ಮೇಲೆ ಬೆಳಕು ಬಿತ್ತು, ಚಿತ್ರ ಬೀಳಲಿಲ್ಲ. ಮತ್ತೆ ಒತ್ತಿದ. ಕಂಪ್ಯೂಟರು ಒಂದು ಸಾಲು ಬೈಗುಳ ಬರೆದು ತೆಪ್ಪಗಾಯಿತು. ಬೇರೆ ಏನನ್ನು ತೆರೆಯಹೋದರೂ ಅದೇ ಬೈಗುಳ. ಅತ್ತೆ ಕೂಗಿದ ಕೂಗಿಗೆ ಪಕ್ಕದ ರಿಪೇರಿ ಅಂಗಡಿಯ ಅಪಿಯೊ ಓಡಿ ಬಂದಳು. ಆ ಹಳೆಯ ಕಂಪ್ಯೂಟರನ್ನು ಜೋಡಿಸಿಕೊಟ್ಟವಳು ಅವಳೇ.

"ಏನು ಮಾಡ್ದೆ?"

"ನಾನಾ? ಮುಟ್ಟೇ ಇಲ್ಲ! ಕರೆಂಟು ಮಾರಾಯ್ತಿ. ಆನೆ ಗಾತ್ರದ ಕರೆಂಟು ನುಗ್ತು. ಬಲ್ಬುಗಳೆಲ್ಲ ನನ್ನ ಮುಖ ನೋಡಿ ಅತ್ತುಬಿಟ್ವು."

"ಕರೆಂಟಾದ್ರೆ ಸುಲಭ, ಆಫ್ ಮಾಡಿ ಆನ್ ಮಾಡಿದ್ರೆ ಆಯ್ತು. ಮೂಲ ಲೈಬ್ರರಿಗೆ, ಅದೇ ಎಲ್ಲಕ್ಕೂ ಬೇಕಾದ ಆ ಕಡತಕ್ಕೆ, ಕೈ ಹಾಕಿಲ್ಲ ತಾನೆ? ಎಲ್ಲಾ ಪ್ರೋಗ್ರಾಮೂ ಒರಗಿರೋದು ಅದರ ಮೇಲೆ. ಅದು ಕೆಟ್ಟಿದ್ರೆ ಮಾಮೂಲಿ ರಿಪೇರಿ ಪ್ರೋಗ್ರಾಮೂ ಏಳಲ್ಲ. ಕಂಪ್ಯೂಟರಲ್ಲಿ ಮೊದಲೇ ತೆರೆದಿರೋ ಈ ಒಂದು ಕಿಟಕಿಗೆ ಮಾತ್ರ ಇನ್ನೂ ಜೀವ ಇದೆ. ಲೈಬ್ರರಿ ಕೆಟ್ಟಿರುವಾಗ ಆಫ್ ಮಾಡಿದ್ರೆ ಅದೂ ಸತ್ತಂಗೆ. ಆಮೇಲೆ ಡಿಸ್ಕು ಬಿಚ್ಚಿ ಅಂಗಡಿಗೆ ಒಯ್ಯಬೇಕು, ಸಿನಿಮಾ ಸೋಮವಾರವೇ."

"ಕೈ ಹಾಕಿಲ್ಲ ಅಂದ್ನಲ್ಲ!"

"ಸರಿ, ಹೋಗಿ ಜನರನ್ನ ಹಿಡ್ಕೋ."

ಲಡ್ಡು ಮೈಕು ಎತ್ತಿ, ಖಾಲಿ ಬಟ್ಟೆಯ ಮೇಲೆ ಇಲ್ಲದ ಸಿನಿಮಾ ಹೇಳತೊಡಗಿದ. ಇಲ್ಲದ ಮುದುಕನನ್ನು ಹೊತ್ತು ಇಲ್ಲದ ಕುದುರೆ ಇಲ್ಲದ ಗೋಡೆ ಹಾರಿತು, ಜನ ನಕ್ಕರು. ಆದರೆ ಬೆಳಿಗ್ಗೆ ನಡೆದದ್ದೇ ಬೇರೆ. ಕೆಲವು ದಿನಗಳಿಂದ ಅವನು ಮಾತಾಡಿದಾಗಲೆಲ್ಲ ಚಿತ್ರ ತೊದಲುತ್ತಿತ್ತು. ಲೈಬ್ರರಿಯನ್ನು ಹೊಸದಾಗಿ ಕಟ್ಟಿದರೆ ವೇಗ ಬರುತ್ತದೆಂದು ಅಂತರ್ಜಾಲದ ಯಾವನೋ ಶೂರ ಬರೆದಿದ್ದ. ಮನುಷ್ಯರು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವುದು ಕಂಪೈಲರಿನ ಕೆಲಸ. ಆ ಕಂಪೈಲರಿಗೆ ಲಡ್ಡು ಬೆಳಿಗ್ಗೆ ಹೇಳಿದ್ದು ಇಷ್ಟೇ: ನಿಯಮ ಗಿಯಮ ನೋಡಬೇಡ, ಬೇಡವೆನಿಸಿದ್ದನ್ನು ಹಾರಿಸು, ಜೋರಾಗಿ ಓಡು.

"ಲಡ್ಡು, ಆಫ್ ಮಾಡ್ತಿದೀನಿ!" ಪರದೆಯ ಹಿಂದಿನಿಂದ ಅಪಿಯೊ ಕೂಗಿದಳು. ಅವಳ ಬೆರಳು ಸ್ವಿಚ್ಚಿನ ಮೇಲಿತ್ತು. ಬಾಗಿಲಲ್ಲಿ ಅತ್ತೆ ಒಲೆಗೆ ಇದ್ದಿಲು ಸುರಿಯುತ್ತಿದ್ದಳು.

"ಬೇಡ!"

ಮೈಕು ಬಾಯಿಯ ಹತ್ತಿರವೇ ಇತ್ತು. ಇಡೀ ಶೆಡ್ಡು ಗುಡುಗಿತು.

"ಆಫ್ ಮಾಡ್ಬೇಡ! ಕರೆಂಟಲ್ಲ, ನಾನೇ. ಲೈಬ್ರರಿ ಬದಲಾಯಿಸಿದ್ದು ನಾನೇ. ನಾ ಕೊಟ್ಟ ಆದೇಶ ಲೈಬ್ರರಿಗೆ ನಡೆಯಲ್ಲ ಅಂತ ಕಂಪೈಲರು ಕೆಲಸ ನಿಲ್ಲಿಸಿಬಿಟ್ಟಿತ್ತು. ಹಾಗೆ ತಡೆಯೋ ಸಾಲನ್ನೇ ಅಳಿಸಿ ಮುಂದೆ ಹೋದೆ."

ಇದೂ ಸಿನಿಮಾದ ಮಾತೇ ಎಂದುಕೊಂಡ ಮುಂದಿನ ಬೆಂಚಿನವನೊಬ್ಬ, "ಮುದುಕನ ಡೈಲಾಗು ಭರ್ಜರಿ!" ಎಂದು ಶಿಳ್ಳೆ ಹಾಕಿದ. ಹತ್ತು ಲಕ್ಷ ಜನ, ಹೋಗಲಿ, ನಲವತ್ತು ಜನ ಚಪ್ಪಾಳೆ ತಟ್ಟಿದರು.

ಅಪಿಯೊ ಸ್ವಿಚ್ಚಿನಿಂದ ಬೆರಳು ತೆಗೆದಳು. "ನಿನ್ನ ಥರಾನೇ ಅನುವಾದ ಮಾಡು ಅಂತ ಕಂಪೈಲರಿಗೆ ಹೇಳಿಕೊಟ್ಟಿದೀಯಾ ನೋಡು! ನೀನು ಮುದುಕನ ಮಾತು ನುಂಗಿದ್ರೆ ಜನ ನಗ್ತಾರೆ. ಕಂಪೈಲರು ನುಂಗಿದ ಮಾತಿನ ಮೇಲೆ ಇಡೀ ಮನೆಯೇ ನಿಂತಿತ್ತು ಕಣೋ." ಯಾವ ಲೈಬ್ರರಿಗೂ ಒರಗದ ಒಂದು ಒಂಟಿ ಪ್ರೋಗ್ರಾಮನ್ನು ಅವಳು ಇಂಥ ದಿನಕ್ಕೆಂದೇ ಕಂಪ್ಯೂಟರಿನೊಳಗೆ ಇಟ್ಟಿದ್ದಳು. ಜೀವವಿದ್ದ ಆ ಒಂದೇ ಕಿಟಕಿಯಲ್ಲಿ ಅದನ್ನು ಎಬ್ಬಿಸಿ, ಹಳೆಯ ಲೈಬ್ರರಿಯನ್ನು ಜಾಗಕ್ಕೆ ತರತೊಡಗಿದಳು. "ಹತ್ತು ನಿಮಿಷ ಹಿಡ್ಕೋ ಅವರನ್ನ."

ಲಡ್ಡು ಮೈಕು ಎತ್ತಿದ. ಬಾಗಿಲಲ್ಲಿ ಅತ್ತೆ ಎದ್ದು ನಿಂತಿದ್ದಳು. ಕೈಯಲ್ಲಿ ಬೆಂಕಿಪೊಟ್ಟಣವಿತ್ತು, ಕಡ್ಡಿ ಇನ್ನೂ ಗೀರಿರಲಿಲ್ಲ.

"ಲೋ, ಈಗ ಹೇಳಿದ್ಯಲ್ಲ, ಅದು ಯಾವ ಸಿನಿಮಾದ್ದು?"

ನಲವತ್ತು ಮುಖಗಳು ಇವನತ್ತ ತಿರುಗಿದವು. ಖಾಲಿ ಬಟ್ಟೆ ಬೆಳ್ಳಗೆ ಹೊಳೆಯುತ್ತಿತ್ತು, ಮರೆಯಾಗಲು ಅದರ ಮೇಲೊಂದು ಕುದುರೆಯೂ ಇರಲಿಲ್ಲ.

"ಸಿನಿಮಾದ್ದಲ್ಲ ಅತ್ತೆ," ಎಂದ ಲಡ್ಡು, ಮೈಕಿನಲ್ಲೇ, ಸಣ್ಣ ದನಿಯಲ್ಲಿ. "ನನ್ನದೇ. ಅದಕ್ಕೆ ಅನುವಾದ ಇಲ್ಲ."